ದಾರಿ ಯಾರದು? ಬಿಯಾಫ್ರಾ ದಿಗ್ಬಂಧನ ಮತ್ತು ನಿರಾಶ್ರಿತರ ಅಗತ್ಯಗಳ ಚರಿತ್ರೆ

ನೈಜೀರಿಯಾದ ಅಂತರ್ಯುದ್ಧವನ್ನು ಹೊರಜಗತ್ತು ನೆನಪಿಟ್ಟುಕೊಂಡಿರುವುದು ಒಂದು ಚಿತ್ರದ ಮೂಲಕ: ಉಬ್ಬಿದ ಹೊಟ್ಟೆ, ಕಡ್ಡಿಯಂಥ ತೋಳು, ಕೆಂಚಾದ ಕೂದಲಿನ ಮಗು. 1968ರ ಜೂನ್‌ನಲ್ಲಿ ಬ್ರಿಟನ್ನಿನ ದಿನಪತ್ರಿಕೆಗಳಲ್ಲಿ, ಜುಲೈನಲ್ಲಿ ಅಮೆರಿಕದ ‘ಲೈಫ್’ ವಾರಪತ್ರಿಕೆಯ ಮುಖಪುಟದಲ್ಲಿ ಇಂಥ ಚಿತ್ರಗಳು ಬಂದವು. ಈ ಯುದ್ಧದಲ್ಲಿ ಪ್ರತ್ಯೇಕ ದೇಶವೆಂದು ಘೋಷಿಸಿಕೊಂಡ ಪೂರ್ವ ಪ್ರಾಂತ್ಯವಾದ ಬಿಯಾಫ್ರಾ ಕುರಿತ ಬರವಣಿಗೆ ಬಹುಪಾಲು ಅಲ್ಲಿಂದಲೇ ಶುರುವಾಗುತ್ತದೆ. ಹಾಗೆ ಶುರುಮಾಡಿದಾಗ, ಹಸಿವು ಕ್ಯಾಮೆರಾದ ಕಣ್ಣಿಗೆ ಬೀಳುವ ಎರಡು ವರ್ಷ ಮೊದಲೇ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟಿದ್ದರೆಂಬುದು ಮರೆಯಾಗುತ್ತದೆ. ಇನ್ನೊಂದು ಮಾತೂ ಮರೆಯಾಗುತ್ತದೆ: ಆಹಾರ ಯಾವ ದಾರಿಯಿಂದ ಬರಬೇಕು, ಆ ದಾರಿಯ ಒಡೆಯರು ಯಾರು ಎಂಬ ಜಗಳದಲ್ಲಿ, ಒಳಗಿದ್ದವರಿಗೆ ನಿಜಕ್ಕೂ ಬೇಕಿದ್ದುದೇನು ಎಂಬ ಪ್ರಶ್ನೆ ಹಿಂದೆ ಬಿತ್ತು. ಯುದ್ಧದ ನಂತರ ಬರೆದ ಕಾನೂನಿನಲ್ಲೂ ಆ ಜಗಳದ ಗುರುತು ಉಳಿದಿದೆ ಎಂಬುದು ಈ ಲೇಖನದ ವಾದ.

1966ರ ಜನವರಿಯಲ್ಲಿ ಕಿರಿಯ ಸೇನಾಧಿಕಾರಿಗಳು ದಂಗೆಯೆದ್ದು ಪ್ರಧಾನಿ ಅಬೂಬಕರ್ ತಫಾವಾ ಬಲೇವಾ ಮತ್ತು ಉತ್ತರ ಪ್ರಾಂತ್ಯದ ಪ್ರಧಾನಿ ಅಹ್ಮದು ಬೆಲ್ಲೊ ಅವರನ್ನು ಕೊಂದರು. ದಂಗೆಕೋರರಲ್ಲಿ ಹೆಚ್ಚಿನವರು ಇಗ್ಬೋ ಸಮುದಾಯದವರು. ಜುಲೈನಲ್ಲಿ ಪ್ರತಿದಂಗೆ ನಡೆಯಿತು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಉತ್ತರದ ಪಟ್ಟಣಗಳಲ್ಲಿ ನೆಲೆಸಿದ್ದ ಇಗ್ಬೋ ಜನರ ಮೇಲೆ ಅಲೆಅಲೆಯಾಗಿ ದಾಳಿಗಳಾದವು. ಸಾವಿರಾರು ಜನ ಸತ್ತರು. ಬದುಕುಳಿದವರು ರೈಲು, ಲಾರಿ ಹತ್ತಿ ಪೂರ್ವ ಪ್ರಾಂತ್ಯಕ್ಕೆ ಮರಳಿದರು. ಇವರು ರೈಲ್ವೆ ಗುಮಾಸ್ತರು, ಅಂಚೆ ನೌಕರರು, ವರ್ತಕರು, ಶಾಲಾ ಮಾಸ್ತರರು. ಹಲವರಿಗೆ ‘ಸ್ವಂತ ಊರು’ ಎಂಬುದು ಅಪ್ಪ ಹೇಳಿದ ಮಾತಿನಲ್ಲಷ್ಟೇ ಇತ್ತು.

ಈ ಮೊದಲ ಅಲೆ ಬಂದಾಗ ದೊಡ್ಡ ಶಿಬಿರಗಳು ಏಳಲಿಲ್ಲ. ಪ್ರಾಂತೀಯ ಸರ್ಕಾರ ಪುನರ್ವಸತಿ ಆಯೋಗವನ್ನೇನೋ ರಚಿಸಿತು. ಆದರೆ ಭಾರ ಹೊತ್ತದ್ದು ಕುಲಬಂಧುಗಳು. ದೊಡ್ಡಪ್ಪನ ಅಂಗಳದಲ್ಲಿ ಇನ್ನೊಂದು ಗುಡಿಸಲು, ಅದೇ ಹೊಲದಲ್ಲಿ ಇನ್ನಷ್ಟು ಮರಗೆಣಸು. ಆಫ್ರಿಕಾದ ಅತ್ಯಂತ ಜನದಟ್ಟಣೆಯ ಗ್ರಾಮೀಣ ಪ್ರದೇಶಗಳಲ್ಲಿ ಇಗ್ಬೋ ನಾಡೂ ಒಂದು. ಅಂಥ ನೆಲ ಇಷ್ಟು ಜನರನ್ನು ಸದ್ದಿಲ್ಲದೆ ಒಳಗೆ ಹಾಕಿಕೊಂಡಿತೆಂಬುದು ಈ ಚರಿತ್ರೆಯ ಅತಿ ದೊಡ್ಡ ಪರಿಹಾರ ಕಾರ್ಯ ಎಂದು ನನಗನ್ನಿಸುತ್ತದೆ. ಅದಕ್ಕೆ ಕಡತವಿಲ್ಲ, ವರದಿಯಿಲ್ಲ. ಹಾಗಾಗಿ ನೆರವಿನ ಇತಿಹಾಸದಲ್ಲಿ ಅದಕ್ಕೆ ಜಾಗವೂ ಸಿಕ್ಕಿಲ್ಲ. ಆದರೆ ಮುಂದೆ ಬರಲಿದ್ದ ಹಸಿವಿನ ಬೇರು ಇಲ್ಲೇ ಇದೆ. ಯುದ್ಧ ಶುರುವಾಗುವ ಹೊತ್ತಿಗೆ ಆತಿಥೇಯರ ಕಣಜದಲ್ಲಿ ಉಳಿಕೆ ಎಂಬುದು ಹೆಚ್ಚಿರಲಿಲ್ಲ.

1967ರ ಮೇ 27ರಂದು ಸೇನಾಡಳಿತದ ಮುಖ್ಯಸ್ಥ ಯಾಕುಬು ಗೊವೊನ್ ದೇಶವನ್ನು 12 ರಾಜ್ಯಗಳಾಗಿ ಒಡೆದರು. ಮೇ 30ರಂದು ಪೂರ್ವದ ಸೇನಾ ರಾಜ್ಯಪಾಲ ಒಡುಮೆಗ್ವು ಒಜುಕ್ವು ಬಿಯಾಫ್ರಾ ಗಣರಾಜ್ಯವನ್ನು ಘೋಷಿಸಿದರು. ಜುಲೈ 6ಕ್ಕೆ ಗುಂಡು ಹಾರಿತು. ಅದಕ್ಕೆ ಮೊದಲೇ ಕರಾವಳಿಗೆ ದಿಗ್ಬಂಧನ ಬಿದ್ದಿತ್ತು. ಜುಲೈ ಕೊನೆಯಲ್ಲಿ ಬಾನಿ ದ್ವೀಪ, ಅಕ್ಟೋಬರ್‌ನಲ್ಲಿ ರಾಜಧಾನಿ ಎನುಗು ಮತ್ತು ಕ್ಯಾಲಬಾರ್ ಬಂದರು, 1968ರ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ಕೈತಪ್ಪಿದವು. ಬಿಯಾಫ್ರಾಕ್ಕೆ ಸಮುದ್ರವೇ ಇಲ್ಲದಂತಾಯಿತು.

ಈ ನಾಡಿನ ಊಟದ ನಕ್ಷೆ ತಿಳಿಯದೆ ದಿಗ್ಬಂಧನದ ಅರ್ಥ ತಿಳಿಯದು. ಯಾಮ್ ಗೆಡ್ಡೆ, ಮರಗೆಣಸು, ತಾಳೆ ಎಣ್ಣೆ ಅಲ್ಲೇ ಬೆಳೆಯುತ್ತಿದ್ದವು. ಹೊಟ್ಟೆ ತುಂಬಲು ಇವು ಸಾಕು. ಮೈಗೆ ಹತ್ತಲು ಸಾಲದು. ಮಾಂಸದ ದನಗಳು ಉತ್ತರದಿಂದ ಬರುತ್ತಿದ್ದವು. ನಾರ್ವೆಯಿಂದ ಹಡಗಿನಲ್ಲಿ ಬರುತ್ತಿದ್ದ, ಕಟ್ಟಿಗೆಯಂತೆ ಗಟ್ಟಿಯಾಗಿ ಒಣಗಿದ ಕಾಡ್ ಮೀನನ್ನು ಇಗ್ಬೋ ಜನ ‘ಒಕ್ಪೊರೊಕೊ’ ಎನ್ನುತ್ತಾರೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಒಣಮೀನು ಹೇಗೋ, ಅವರ ಸಾರಿಗೆ ಅದು ಹಾಗೆ. ಉಪ್ಪು ಕೂಡ ಹೆಚ್ಚಾಗಿ ಹೊರಗಿನದೇ. ಯುದ್ಧ ಉತ್ತರದ ದಾರಿಯನ್ನು ಮುಚ್ಚಿತು, ದಿಗ್ಬಂಧನ ಸಮುದ್ರದ ದಾರಿಯನ್ನು ಮುಚ್ಚಿತು. ಊಟದ ತಟ್ಟೆಯಲ್ಲಿ ಮರಗೆಣಸಿನ ಹಿಟ್ಟು ಉಳಿಯಿತು, ಅದರ ಜೊತೆಗೆ ಬೀಳಬೇಕಾದ್ದೆಲ್ಲ ಮಾಯವಾಯಿತು. ಉಬುರು, ಒಕ್ಪೋಸಿಯ ಉಪ್ಪು ಕೊಳಗಳಲ್ಲಿ ಹೆಂಗಸರು ನೀರನ್ನು ಕುದಿಸಿ ಉಪ್ಪು ತೆಗೆದರು. ಬೇಕಾದಷ್ಟು ಅದರಿಂದ ಸಿಗುವಂತಿರಲಿಲ್ಲ.

ಹೀಗೆ ಬಂದದ್ದು ಕ್ವಾಶಿಯೋರ್ಕರ್ ಎಂಬ ಅಪೌಷ್ಟಿಕತೆಯ ರೋಗ. 1930ರ ದಶಕದಲ್ಲಿ ಈಗಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ ಇದನ್ನು ವೈದ್ಯಲೋಕಕ್ಕೆ ಪರಿಚಯಿಸಿದ್ದರು. ಪಾದ ಊದಿಕೊಳ್ಳುತ್ತದೆ, ಚರ್ಮ ಸುಲಿಯುತ್ತದೆ, ಕೂದಲು ಬಣ್ಣಗೆಡುತ್ತದೆ, ಮಗು ಮಂಕಾಗಿ ಊಟವನ್ನೇ ಒಲ್ಲೆನ್ನುತ್ತದೆ. ಊದಿದ ಮಗು ಮೇಲುನೋಟಕ್ಕೆ ತುಂಬಿಕೊಂಡಂತೆ ಕಾಣುವುದರಿಂದ ತೂಕ ನೋಡಿದರೆ ಮೋಸಹೋಗುವ ಸಂಭವವಿದೆ. 1968ರ ನಡುವಿಗೆ ಎರಡನೇ, ಮೂರನೇ ಬಾರಿ ಓಡಿಬಂದ ಕುಟುಂಬಗಳು ಶಾಲೆ, ಇಗರ್ಜಿ ಕಟ್ಟಡಗಳಲ್ಲಿ ಕಿಕ್ಕಿರಿದಿದ್ದವು. ನೆಂಟರ ಅಂಗಳದಲ್ಲಿದ್ದವರಿಗೆ ತುಸು ನೆಲವಾದರೂ ಇತ್ತು. ಶಿಬಿರದವರಿಗೆ ಅದೂ ಇಲ್ಲ. ಎಫಿಕ್, ಇಬಿಬಿಯೊ, ಇಜಾ, ಒಗೋನಿಯಂಥ ಅಲ್ಪಸಂಖ್ಯಾತ ಸಮುದಾಯಗಳ ಪಾಡು ಇನ್ನೂ ಕಷ್ಟ. ಎರಡೂ ಸೇನೆಗಳು ಅವರ ಊರುಗಳ ಮೇಲೆ ಹಾದುಹೋದವು. ಬಿಯಾಫ್ರಾದ ಒಳಗೆ ಅವರನ್ನು ಒಳಸಂಚುಗಾರರೆಂದು ಶಂಕಿಸಲಾಗುತ್ತಿತ್ತು.

ಸಾವಿರಾರು ಮಕ್ಕಳ ಸಾಲಿನಲ್ಲಿ ಯಾರಿಗೆ ಮೊದಲು ಉಣಿಸುವುದು? ನೈಜೀರಿಯಾದಲ್ಲಿದ್ದ ಕ್ವೇಕರ್ ಪಂಥದ ಸೇವಾತಂಡ ಇದಕ್ಕೆ ಒಂದು ಕೋಲನ್ನು ಬಳಸಿತು. ಮೊದಲು ಮಗುವಿನ ತೋಳಿನ ನಡುಭಾಗದ ಸುತ್ತಳತೆ ತೆಗೆಯುವುದು. ಕೋಲಿನ ಮೇಲೆ ಎತ್ತರದ ಅಂಕಿಯ ಬದಲು ಆಯಾ ಎತ್ತರದ ಮಗುವಿಗೆ ಇರಬೇಕಾದ ತೋಳಿನ ಅಳತೆಗಳನ್ನೇ ಗುರುತು ಮಾಡಿರುತ್ತಿದ್ದರು. ಮಗುವನ್ನು ಕೋಲಿಗೆ ಒರಗಿಸಿ ನಿಲ್ಲಿಸಿದಾಗ, ಅದರ ತೋಳಿನ ಅಳತೆಯ ಗುರುತಿಗಿಂತ ತಲೆ ಮೇಲಿದ್ದರೆ ಆ ಮಗು ಸೊರಗಿದೆ ಎಂದರ್ಥ. ವಯಸ್ಸು ಕೇಳಬೇಕಿಲ್ಲ, ತಕ್ಕಡಿ ಬೇಕಿಲ್ಲ, ಲೆಕ್ಕ ಹಾಕಬೇಕಿಲ್ಲ. ಜನನ ದಾಖಲೆ ಕಳೆದುಕೊಂಡ ನಿರಾಶ್ರಿತರ ನಡುವೆ ಇದು ಸಣ್ಣ ಅನುಕೂಲವಲ್ಲ. ಕೆಲವೇ ವರ್ಷಗಳಲ್ಲಿ ಈ ಕೋಲು ಪೂರ್ವ ಬಂಗಾಳಕ್ಕೂ ಹೋಯಿತು. ಇಂದು ನಮ್ಮ ಅಂಗನವಾಡಿಗಳಲ್ಲಿ ಮಗುವಿನ ತೋಳಿಗೆ ಸುತ್ತುವ ಕೆಂಪು-ಹಳದಿ-ಹಸಿರು ಪಟ್ಟಿಯ ಹಿಂದಿರುವುದೂ ಇದೇ ತರ್ಕ; 11.5 ಸೆಂ.ಮೀ.ಗಿಂತ ಕಡಿಮೆಯಾದರೆ ಕೆಂಪು.

ಇನ್ನು ದಾರಿಯ ವಿಷಯ. ಲಾಗೋಸ್‌ನಲ್ಲಿದ್ದ ಕೇಂದ್ರ ಸರ್ಕಾರ ಹೇಳಿದ್ದು: ನೆರವು ರಸ್ತೆಯಿಂದ ಬರಲಿ, ಇಲ್ಲವೇ ನಾವು ತಪಾಸಣೆ ಮಾಡಿದ ವಿಮಾನಗಳಲ್ಲಿ ಹಗಲು ಬರಲಿ. ಬಿಯಾಫ್ರಾ ಹೇಳಿದ್ದು: ರಸ್ತೆ ತೆರೆದರೆ ಅದರ ಹಿಂದೆ ಸೇನೆ ಬರುತ್ತದೆ, ಶತ್ರುವಿನ ಕೈದಾಟಿ ಬಂದ ಆಹಾರದಲ್ಲಿ ವಿಷವಿರಬಹುದು. ಎರಡೂ ಮಾತಿನಲ್ಲಿ ನಿಜವಾದ ಭಯವಿತ್ತು, ಎರಡರಲ್ಲೂ ಲೆಕ್ಕಾಚಾರವಿತ್ತು. ತಪಾಸಣೆ ಮಾಡುವ ಹಕ್ಕು ಸಿಕ್ಕರೆ ಆ ನೆಲ ತನ್ನದೆಂದು ಲಾಗೋಸ್ ಸಾಧಿಸಿದಂತೆ. ತನ್ನದೇ ನಿಲ್ದಾಣಕ್ಕೆ ವಿಮಾನ ಇಳಿದರೆ ತಾನೊಂದು ದೇಶವೆಂದು ಬಿಯಾಫ್ರಾ ತೋರಿಸಿದಂತೆ. ಹಸಿವನ್ನು ಯುದ್ಧದ ನ್ಯಾಯಸಮ್ಮತ ಅಸ್ತ್ರವೆಂದು ಲಾಗೋಸ್ ಸಂಪುಟದ ಹಿರಿಯರೇ ಬಹಿರಂಗವಾಗಿ ಸಮರ್ಥಿಸಿಕೊಂಡಿದ್ದೂ ಉಂಟು. ಅದೇ ಸರ್ಕಾರ 1967ರ ಜುಲೈನಲ್ಲಿ ತನ್ನ ಸೈನಿಕರಿಗೆ ಗರ್ಭಿಣಿಯರನ್ನೂ ಮಕ್ಕಳನ್ನೂ ಮುಟ್ಟಬಾರದೆಂಬ ನಡವಳಿಕೆ ಸಂಹಿತೆಯನ್ನು ಹೊರಡಿಸಿತ್ತು. ಸಂಹಿತೆ ಬಂದೂಕಿಗೆ ಅನ್ವಯಿಸುತ್ತಿತ್ತು, ದಿಗ್ಬಂಧನಕ್ಕಲ್ಲ.

ಕೊನೆಗೆ ನಡೆದದ್ದು ರಾತ್ರಿಯ ಹಾರಾಟ. ಉಲಿ ಎಂಬಲ್ಲಿ ಹೆದ್ದಾರಿಯ ನೇರವಾದ ತುಂಡೊಂದನ್ನು ಅಗಲ ಮಾಡಿ ಓಡುದಾರಿ ಕಟ್ಟಿದ್ದರು. ವಿಮಾನ ಹತ್ತಿರ ಬಂದಾಗಷ್ಟೇ ಕ್ಷಣಕಾಲ ದೀಪ ಹತ್ತುತ್ತಿತ್ತು. ಮೇಲೆ ಕೇಂದ್ರ ಸೇನೆಯ ಬಾಂಬರ್ ಸುತ್ತುತ್ತಿರುತ್ತಿತ್ತು. ಪೋರ್ಚುಗಲ್ ಹಿಡಿತದಲ್ಲಿದ್ದ ಸಾವೊ ತೊಮೆ ದ್ವೀಪದಿಂದ ಕ್ರೈಸ್ತ ಸಂಸ್ಥೆಗಳ ಒಕ್ಕೂಟವಾದ ಜಾಯಿಂಟ್ ಚರ್ಚ್ ಏಡ್ ಐದು ಸಾವಿರಕ್ಕೂ ಹೆಚ್ಚು ಹಾರಾಟಗಳಲ್ಲಿ ಸುಮಾರು 60,000 ಟನ್ ಸಾಮಗ್ರಿ ತಂದಿತು. (ಅದರ ಇಂಗ್ಲಿಷ್ ಆದ್ಯಕ್ಷರಗಳನ್ನು ಹಿಡಿದು ಪೈಲಟ್‌ಗಳು ‘ಜೀಸಸ್ ಕ್ರೈಸ್ಟ್ ಏರ್‌ಲೈನ್ಸ್’ ಎಂದು ತಮಾಷೆ ಮಾಡುತ್ತಿದ್ದರು.) ಅಂತರರಾಷ್ಟ್ರೀಯ ರೆಡ್ ಕ್ರಾಸ್ ಫರ್ನಾಂಡೊ ಪೊ ದ್ವೀಪದಿಂದ ಹಾರಿತು. 1968ರ ಅಕ್ಟೋಬರ್‌ನಲ್ಲಿ ಆ ದ್ವೀಪ ಈಕ್ವಟೋರಿಯಲ್ ಗಿನಿಯ ಭಾಗವಾಗಿ ಸ್ವತಂತ್ರವಾದ ಮೇಲೆ ಹೊಸ ಸರ್ಕಾರ ಡೀಸೆಲ್ ಸಾಗಿಸಕೂಡದೆಂದಿತು. ಡೀಸೆಲ್ ಸೇನೆಗೂ ಬೇಕು ನಿಜ. ಹಾಲಿನ ಪುಡಿಯನ್ನು ಉಣಿಸುವ ಕೇಂದ್ರಕ್ಕೆ ಮುಟ್ಟಿಸುವ ಲಾರಿಗೂ ಬೇಕು. ‘ಮಾನವೀಯ ಅಗತ್ಯ’ದ ಪಟ್ಟಿಗೆ ಬೇಲಿ ಹಾಕುವುದು ಎಷ್ಟು ಕಷ್ಟ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ರೆಡ್ ಕ್ರಾಸ್ ದಹೋಮಿಯ ಕೊಟೊನುವಿಗೆ ನೆಲೆ ಬದಲಿಸಬೇಕಾಯಿತು.

1969ರ ಜೂನ್ 5ರಂದು ರೆಡ್ ಕ್ರಾಸ್ ಗುರುತಿನ ಡಿಸಿ-7 ವಿಮಾನವನ್ನು ಕೇಂದ್ರ ಸೇನೆಯ ಯುದ್ಧವಿಮಾನ ಹೊಡೆದುರುಳಿಸಿತು. ಸಿಬ್ಬಂದಿ ಸತ್ತರು. ಅದೇ ತಿಂಗಳು ರೆಡ್ ಕ್ರಾಸ್‌ನ ಪರಿಹಾರ ಮುಖ್ಯಸ್ಥ ಆಗಸ್ಟ್ ಲಿಂಟ್‌ಗೆ ನೈಜೀರಿಯಾ ಬಾಗಿಲು ಮುಚ್ಚಿತು. ಪರಿಹಾರದ ಉಸ್ತುವಾರಿಯನ್ನು ಲಾಗೋಸ್ ತನ್ನ ಕೈಗೆ ತೆಗೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಹಗಲು ಹಾರಾಟಕ್ಕೆ ಲಾಗೋಸ್ ಒಪ್ಪಿ ಸಹಿ ಹಾಕಿದರೆ ಬಿಯಾಫ್ರಾ ಒಲ್ಲೆನೆಂದಿತು. ಹಗಲು ನೆರವಿಗೆ ಬಿಟ್ಟುಕೊಟ್ಟರೆ ರಾತ್ರಿಯ ಶಸ್ತ್ರಾಸ್ತ್ರ ವಿಮಾನಗಳು ಒಂಟಿಯಾಗಿ ಬಯಲಿಗೆ ಬೀಳುತ್ತವೆಂಬ ಅಂಜಿಕೆ ಅದಕ್ಕಿತ್ತು: ಉಲಿಯಲ್ಲಿ ಹಾಲಿನ ಪುಡಿಯೂ ಮದ್ದುಗುಂಡೂ ಒಂದೇ ಕತ್ತಲಲ್ಲಿ ಇಳಿಯುತ್ತಿದ್ದವು. ನೆರವು ಸಂಸ್ಥೆಗಳು ಸ್ಥಳೀಯ ಖರ್ಚಿಗೆ ತಂದ ವಿದೇಶಿ ಹಣವೂ ಒಜುಕ್ವು ಆಡಳಿತದ ಬೊಕ್ಕಸಕ್ಕೆ ಆಸರೆಯಾಯಿತು. ಹಾಗಾದರೆ ನೆರವು ಯುದ್ಧವನ್ನು ಎಳೆಯಿತೇ? ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಎಳೆದಿರಬಹುದು ಎಂದೇ ನನ್ನ ಅಂದಾಜು. ಆದರೆ ಆ ವಾದದಿಂದ ಹಾಲಿನ ಪುಡಿ ತಡೆದವರ ಹೊಣೆ ಕಡಿಮೆಯಾಗುವುದಿಲ್ಲ.

ವಿಮಾನಗಳ ಕಥೆಯಷ್ಟು ಪ್ರಚಾರ ಪಡೆಯದ ದಾರಿಯೊಂದಿತ್ತು. ‘ಅಫಿಯಾ ಅಟ್ಯಾಕ್’ ಎಂದು ಕರೆಯುತ್ತಿದ್ದ ವ್ಯಾಪಾರದಲ್ಲಿ ಹೆಂಗಸರು ರಾತ್ರಿ ಕಾಡು, ನದಿ ದಾಟಿ ಶತ್ರುಸೇನೆ ಹಿಡಿದ ಪ್ರದೇಶದ ಸಂತೆಗಳಿಂದ ಉಪ್ಪು, ಒಣಮೀನು ಹೊತ್ತು ತರುತ್ತಿದ್ದರು. ಗಂಡಸರು ಹೋದರೆ ಸೈನಿಕನೆಂದು ಗುಂಡಿಕ್ಕುವ ಭಯ, ಇತ್ತ ತಮ್ಮವರೇ ಸೇನೆಗೆ ಎಳೆದೊಯ್ಯುವ ಭಯ. ಹೆಂಗಸರಿಗೂ ಗುಂಡು ತಪ್ಪಲಿಲ್ಲ, ಅತ್ಯಾಚಾರ ತಪ್ಪಲಿಲ್ಲ. ಈ ಸಂಗತಿಗಳು ಬರಹಕ್ಕೆ ಬಂದದ್ದು ತಡವಾಗಿ. ಹಾರ್ನೈಟ್-ಸೀವರ್ಸ್ ಮತ್ತು ಸಂಗಡಿಗರ 1997ರ ಸಾಮಾಜಿಕ ಚರಿತ್ರೆ, ಈಗೋಡಿ ಉಚೆಂಡು ಅವರ 2007ರ ಅಧ್ಯಯನ ಇವು ಬಾಯ್ಮಾತಿನ ನೆನಪುಗಳನ್ನು ಆಧರಿಸಿ ಬಂದವು. ನೆರವು ಸಂಸ್ಥೆಗಳ ಟನ್ ಲೆಕ್ಕದ ಪಕ್ಕದಲ್ಲಿ ತಲೆಹೊರೆಯ ಉಪ್ಪನ್ನು ಇಟ್ಟು ನೋಡಿದಾಗ, ಜನರ ಅಗತ್ಯವನ್ನು ಮೊದಲು ಗುರುತಿಸಿದ್ದು ಸಂತೆಯೇ ಎಂಬುದು ಗೊತ್ತಾಗುತ್ತದೆ.

ಆ ಹೊತ್ತಿನ ಕಾನೂನು ಏನು ಹೇಳುತ್ತಿತ್ತು? ಅಮೆರಿಕದ ಅಂತರ್ಯುದ್ಧ ಕಾಲದ 1863ರ ಲೀಬರ್ ಸಂಹಿತೆ, ಶತ್ರುವನ್ನು ಶಸ್ತ್ರವಿರಲಿ ಇಲ್ಲದಿರಲಿ ಉಪವಾಸ ಕೆಡವಬಹುದೆಂದಿತ್ತು. 1949ರ ನಾಲ್ಕನೇ ಜಿನೀವಾ ಒಪ್ಪಂದದ 23ನೇ ವಿಧಿ 15 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಬಾಣಂತಿಯರಿಗೆ ಬೇಕಾದ ಆಹಾರವನ್ನು ಬಿಡಬೇಕೆಂದಿತು. ಆದರೆ ಅದು ಶತ್ರುವಿನ ಪಾಲಾಗುವ ಗಂಭೀರ ಅನುಮಾನವಿದ್ದರೆ ತಡೆಯಲು ಅವಕಾಶವಿತ್ತು. ಅದೂ ದೇಶ-ದೇಶಗಳ ಯುದ್ಧಕ್ಕೆ ಮಾತ್ರ. ಬಿಯಾಫ್ರಾದ ಮಕ್ಕಳಿಗೆ ಅನ್ವಯಿಸುತ್ತಿದ್ದುದು ಆಹಾರದ ಮಾತೇ ಇಲ್ಲದ ಮೂರನೇ ವಿಧಿ. 1977ರ ಎರಡು ಹೆಚ್ಚುವರಿ ಶಿಷ್ಟಾಚಾರಗಳು ನಾಗರಿಕರನ್ನು ಉಪವಾಸ ಕೆಡವುವುದನ್ನು ಯುದ್ಧವಿಧಾನವಾಗಿ ಬಳಸಬಾರದೆಂದವು. ದೊಡ್ಡ ಹೆಜ್ಜೆಯೇ ಸರಿ. ಆದರೂ ಅಂತರ್ಯುದ್ಧಕ್ಕೆ ಸಂಬಂಧಿಸಿದ ಎರಡನೇ ಶಿಷ್ಟಾಚಾರದ 18ನೇ ವಿಧಿ ನೆರವಿಗೆ ಸಂಬಂಧಪಟ್ಟ ರಾಷ್ಟ್ರದ ಒಪ್ಪಿಗೆ ಬೇಕೆಂದೇ ಬರೆದಿದೆ. ಉಲಿ ಬೇಕೋ ರಸ್ತೆ ಬೇಕೋ ಎಂಬ 1968ರ ಜಗಳವನ್ನು ಆ ವಿಧಿ ಬಗೆಹರಿಸಲಿಲ್ಲ, ಕಾನೂನಿನ ಒಳಕ್ಕೆ ಕರೆದುಕೊಂಡು ಬಂತು. ಅಂತರ್ಯುದ್ಧದಲ್ಲಿ ಉಪವಾಸ ಕೆಡವುವುದನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಕಾಯ್ದೆಗೆ ಸೇರಿಸುವ ತಿದ್ದುಪಡಿ ಬಂದದ್ದು 2019ರ ಡಿಸೆಂಬರ್‌ನಲ್ಲಿ.

1970ರ ಜನವರಿ 15ರಂದು ಬಿಯಾಫ್ರಾ ವಿಧಿವತ್ತಾಗಿ ಶರಣಾಯಿತು. ಸತ್ತವರ ಅಂದಾಜು ಐದು ಲಕ್ಷದಿಂದ ಮೂವತ್ತು ಲಕ್ಷದವರೆಗೆ ಚೆಲ್ಲಾಪಿಲ್ಲಿಯಾಗಿದೆ. ಹೆಚ್ಚಿನವರು ಸತ್ತದ್ದು ಗುಂಡಿನಿಂದಲ್ಲ. ಗೆದ್ದವರೂ ಇಲ್ಲ, ಸೋತವರೂ ಇಲ್ಲ ಎಂದು ಗೊವೊನ್ ಸಾರಿದರು. ಬಹಳ ಜನ ಹೆದರಿದ್ದಂತೆ ಸಾಮೂಹಿಕ ಹತ್ಯೆ ನಡೆಯಲಿಲ್ಲ. ಆದರೆ ಬಿಯಾಫ್ರಾ ಪರ ನಿಂತಿದ್ದ ದೇಶ, ಸಂಸ್ಥೆಗಳ ನೆರವನ್ನು ಸರ್ಕಾರ ನಿರಾಕರಿಸಿತು. ಉಣಿಸುವ ಕೇಂದ್ರಗಳನ್ನು ನಡೆಸಿದ್ದ ಐರಿಷ್ ಪಾದ್ರಿಗಳನ್ನು ಬಂಧಿಸಿ ಹೊರಗಟ್ಟಿತು. ಗಬಾನ್ ಮತ್ತು ಐವರಿ ಕೋಸ್ಟ್‌ಗೆ ವಿಮಾನದಲ್ಲಿ ಕಳಿಸಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 1970ರ ಕೊನೆಯಿಂದ ಮರಳಿ ಕರೆತಂದಿತು. ದೊಡ್ಡವರಿಗೆ ಮರಳುವುದು ಇಷ್ಟು ನೇರವಾಗಿರಲಿಲ್ಲ. ಬ್ಯಾಂಕಿನಲ್ಲಿ ಎಷ್ಟೇ ಹಣವಿದ್ದರೂ ಯುದ್ಧಕಾಲದಲ್ಲಿ ಖಾತೆ ಬಳಸಿದವರಿಗೆ ಸಿಕ್ಕಿದ್ದು 20 ಪೌಂಡ್. ಪೋರ್ಟ್ ಹಾರ್ಕೋರ್ಟ್‌ನಲ್ಲಿ ಇಗ್ಬೋ ಮಾಲೀಕರ ಮನೆಗಳು ‘ವಾರಸುದಾರರು ಬಿಟ್ಟುಹೋದ ಆಸ್ತಿ’ ಎಂಬ ಪಟ್ಟಿಗೆ ಸೇರಿದವು. ಅವುಗಳ ಬಾಡಿಗೆ, ಒಡೆತನದ ತಕರಾರು ದಶಕಗಳ ಕಾಲ ಸರ್ಕಾರಿ ಕಚೇರಿಗಳಲ್ಲೂ ನ್ಯಾಯಾಲಯಗಳಲ್ಲೂ ಎಳೆದಾಡಿತು.