ಕರುಳಿನ ಚೀಲದ ಕೀವು ವಾಸಿಯಾದ ಮೇಲೂ ಶಸ್ತ್ರಚಿಕಿತ್ಸೆ ಬೇಕೆ?

ಹೊಟ್ಟೆಯೊಳಗೆ ಕಟ್ಟಿದ ಕೀವು ಚಿಕಿತ್ಸೆಯಿಂದ ಇಳಿದು, ಹಿರಿಯರು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ಕುಟುಂಬವನ್ನು ಒಂದು ಪ್ರಶ್ನೆ ಕಾಡುತ್ತದೆ: ಕರುಳಿನ ಆ ಭಾಗವನ್ನು ತೆಗೆಸಬೇಕೆ, ಹಾಗೆಯೇ ಬಿಡಬಹುದೆ? ಡೈವರ್ಟಿಕ್ಯುಲೈಟಿಸ್ ಎಂಬ ಕಾಯಿಲೆಯಲ್ಲಿ ಎದುರಾಗುವ ಈ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ನಿರ್ಧಾರಕ್ಕೆ ನೆರವಾಗುವ ಮುಖ್ಯ ಸಂಗತಿಗಳನ್ನು ವಾಚಕರಿಗಾಗಿ ಇಲ್ಲಿ ನೀಡುತ್ತಿದ್ದೇವೆ.

ರೋಗದ ಸ್ವರೂಪ

ವಯಸ್ಸಾದಂತೆ ದೊಡ್ಡ ಕರುಳಿನ ಗೋಡೆಯ ದುರ್ಬಲ ಸ್ಥಳಗಳಲ್ಲಿ ಒಳಪದರವು ಹೊರಕ್ಕೆ ಉಬ್ಬಿ ಸಣ್ಣ ಚೀಲಗಳು ಉಂಟಾಗುತ್ತವೆ. ಬಹುಮಂದಿಗೆ ಇವುಗಳಿಂದ ಯಾವ ತೊಂದರೆಯೂ ಇರುವುದಿಲ್ಲ. ಕೆಲವರಲ್ಲಿ ಮಾತ್ರ ಚೀಲಕ್ಕೆ ಉರಿಯೂತವಾಗಿ, ಸಣ್ಣ ತೂತು ಬಿದ್ದು, ಸುತ್ತಲೂ ಕೀವು ಕಟ್ಟುತ್ತದೆ. 1978ರಲ್ಲಿ ಪ್ರಕಟವಾದ ಹಿಂಚಿ ವರ್ಗೀಕರಣದ ಪ್ರಕಾರ ಕರುಳಿನ ಪಕ್ಕದಲ್ಲೇ ನಿಂತ ಕೀವು ಮೊದಲನೆಯ ಹಂತ. ಕಿಬ್ಬೊಟ್ಟೆಯ ಆಳದಲ್ಲಿ ಕಟ್ಟಿದ್ದು ಎರಡನೆಯದು. ಹೊಟ್ಟೆಯ ತುಂಬ ಕೀವು ಹರಡಿದರೆ ಮೂರನೆಯದು. ಮಲವೇ ಹರಡಿದರೆ ನಾಲ್ಕನೆಯದು. ಕೊನೆಯ ಎರಡು ಹಂತಗಳಲ್ಲಿ ಸಾಮಾನ್ಯವಾಗಿ ತುರ್ತು ಶಸ್ತ್ರಚಿಕಿತ್ಸೆ ಅನಿವಾರ್ಯ. ನಮ್ಮ ಚರ್ಚೆ ಮೊದಲೆರಡು ಹಂತಗಳಿಗೆ ಸಂಬಂಧಿಸಿದ್ದು.

ಮೊದಲ ಚಿಕಿತ್ಸೆ

ಸುಮಾರು 3 ಸೆಂ.ಮೀ.ಗಿಂತ ಚಿಕ್ಕದಾದ ಕೀವು ಸಾಮಾನ್ಯವಾಗಿ ಆ್ಯಂಟಿಬಯಾಟಿಕ್ ಔಷಧಗಳಿಂದಲೇ ಇಳಿಯುತ್ತದೆ. ಅದಕ್ಕಿಂತ ದೊಡ್ಡದಾಗಿದ್ದರೆ ಸಿ.ಟಿ. ಸ್ಕ್ಯಾನ್ ನೆರವಿನಿಂದ ಚರ್ಮದ ಮೂಲಕ ತೆಳುವಾದ ಕೊಳವೆ ಇಳಿಸಿ ಕೀವನ್ನು ಹೊರತೆಗೆಯುತ್ತಾರೆ. ತುರ್ತು ಶಸ್ತ್ರಚಿಕಿತ್ಸೆಯನ್ನು ತಪ್ಪಿಸುವುದೇ ಇದರ ದೊಡ್ಡ ಲಾಭ. ತುರ್ತಿನಲ್ಲಿ ಅನೇಕ ವೇಳೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಮಲಕ್ಕಾಗಿ ಚೀಲ ಕಟ್ಟಬೇಕಾಗುತ್ತದೆ. ಕೆಲವರಿಗೆ ಅದು ಜೀವನಪರ್ಯಂತ ಉಳಿಯುವುದೂ ಉಂಟು. ಸಾವಕಾಶವಾಗಿ ಯೋಜಿಸಿ ಮಾಡಿದಾಗ ಕರುಳಿನ ತುದಿಗಳನ್ನು ಒಮ್ಮೆಗೇ ಜೋಡಿಸಲು ಬಹುಮಟ್ಟಿಗೆ ಸಾಧ್ಯ.

ಎರಡು ಪಕ್ಷಗಳು

ಒಮ್ಮೆ ಕೀವು ಕಟ್ಟಿದರೆ ಕರುಳನ್ನು ತೆಗೆಸಲೇಬೇಕೆಂಬುದು ಹಿಂದಿನ ನಿಯಮ. ಅಮೆರಿಕದ ಕೊಲೊನ್ ಮತ್ತು ರೆಕ್ಟಲ್ ಶಸ್ತ್ರವೈದ್ಯರ ಸಂಘದ 2020ರ ಮಾರ್ಗಸೂಚಿಯು ಇಂತಹ ರೋಗಿಗಳಿಗೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬೇಕೆನ್ನುತ್ತದೆ, ಪರಿಗಣಿಸುವುದೆಂದರೆ ಕಡ್ಡಾಯವೆಂದಲ್ಲ. ಕೀವು ಕಟ್ಟಿದವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚು ಎಂಬುದು ಶಸ್ತ್ರಚಿಕಿತ್ಸೆಯ ಪರವಾದ ವಾದ. 2021ರಲ್ಲಿ ಪ್ರಕಟವಾದ ಫಿನ್‌ಲ್ಯಾಂಡಿನ ಲೇಸರ್ ಅಧ್ಯಯನದಲ್ಲಿ, ಮರುಕಳಿಸುವ ಅಥವಾ ನೋವು ಬಿಡದ ಕಾಯಿಲೆಯುಳ್ಳವರ ಜೀವನ ಗುಣಮಟ್ಟ ಶಸ್ತ್ರಚಿಕಿತ್ಸೆಯ 6 ತಿಂಗಳ ನಂತರ ಉತ್ತಮವಾಗಿತ್ತು. ಆದರೆ ಕೆಲವರು ತೀವ್ರ ತೊಡಕುಗಳನ್ನೂ ಅನುಭವಿಸಿದರು. ಇನ್ನೊಂದು ಪಕ್ಷದ ವಾದವೂ ಬಲವಾದುದೇ: ಕರುಳು ಒಡೆದು ಹೊಟ್ಟೆಯೊಳಗೆ ಹರಡುವ ಅಪಾಯ ಸಾಮಾನ್ಯವಾಗಿ ಮೊದಲ ಬಾರಿಯ ಕಾಯಿಲೆಯಲ್ಲೇ ಹೆಚ್ಚು. ಅನೇಕರು ಶಸ್ತ್ರಚಿಕಿತ್ಸೆ ಇಲ್ಲದೆಯೇ ನೆಮ್ಮದಿಯಿಂದಿರುತ್ತಾರೆ.

ನಿರ್ಧಾರ ಹೇಗೆ?

ಕರುಳು ಕಿರಿದಾಗಿದ್ದರೆ, ಮೂತ್ರಕೋಶಕ್ಕೆ ದಾರಿ ಬಿದ್ದಿದ್ದರೆ ಅಥವಾ ನೋವು ಪದೇಪದೇ ಬರುತ್ತಿದ್ದರೆ ತಕ್ಕಡಿ ಶಸ್ತ್ರಚಿಕಿತ್ಸೆಯ ಕಡೆ ವಾಲುತ್ತದೆ. ಮೂತ್ರಪಿಂಡದ ಕಸಿಯಾದವರಿಗೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ಸೇವಿಸುವವರಿಗೂ ವಿಶೇಷ ಎಚ್ಚರ ಅಗತ್ಯ. ಹೃದಯ, ಶ್ವಾಸಕೋಶಗಳು ದುರ್ಬಲವಾಗಿದ್ದು, ನೋವೂ ಇಲ್ಲದಿದ್ದರೆ ಕಾದು ನೋಡುವುದು ಯುಕ್ತವಾಗಬಹುದು. ಯಾವ ದಾರಿ ಹಿಡಿದರೂ, ಇತ್ತೀಚೆಗೆ ಮಾಡಿಸಿರದಿದ್ದರೆ, 6ರಿಂದ 8 ವಾರಗಳ ನಂತರ ಕೊಲೊನೊಸ್ಕೊಪಿ ಮಾಡಿಸುವುದು ಸೂಕ್ತ. ಕೀವಿನ ಮರೆಯಲ್ಲಿ ಕ್ಯಾನ್ಸರ್ ಅಡಗಿರುವ ಸಾಧ್ಯತೆಯುಂಟು.

ಚೇತರಿಸಿಕೊಂಡ ಮೇಲೆ ರಾಗಿ, ಕಾಳು, ಸೊಪ್ಪು, ತರಕಾರಿಗಳಂತಹ ನಾರಿನಂಶದ ಆಹಾರ ಹಿತಕರ. ಬೀಜಗಳನ್ನು ತಿನ್ನಬಾರದೆಂಬ ಹಳೆಯ ನಂಬಿಕೆಯನ್ನು 2008ರ ಅಮೆರಿಕದ ದೊಡ್ಡ ಅಧ್ಯಯನವೊಂದು ಸಮರ್ಥಿಸಲಿಲ್ಲ. ಧೂಮಪಾನ ಬಿಡಬೇಕು, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ವಾಂತಿ, ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಶಸ್ತ್ರವೈದ್ಯರನ್ನು ಕಾಣುವಾಗ ಸಿ.ಟಿ. ವರದಿಯನ್ನು ಒಯ್ದು, 'ನಮ್ಮ ರೋಗಿಗೆ ಕಾಯುವುದರ ಅಪಾಯ ಹೆಚ್ಚೋ, ಕತ್ತರಿಸುವುದರ ಅಪಾಯ ಹೆಚ್ಚೋ?' ಎಂದು ನೇರವಾಗಿ ಕೇಳುವುದೇ ಲೇಸೆಂದು ನಾವು ಭಾವಿಸುತ್ತೇವೆ.