ಸಣ್ಣಾಟದ ಸೀರೆ

1845ರ ಜುಲೈ 12ರಂದು ಲಂಡನ್ನಿನ ರಂಗಮಂದಿರವೊಂದರಲ್ಲಿ ಮರೀ ಟಾಗ್ಲಿಯೋನಿ, ಕಾರ್ಲೊಟ್ಟಾ ಗ್ರೀಸಿ, ಫ್ಯಾನಿ ಚೆರಿಟೊ, ಲುಸೀಲ್ ಗ್ರಾನ್ ಎಂಬ ನಾಲ್ವರು ಹೆಸರಾಂತ ಬ್ಯಾಲೆ ನರ್ತಕಿಯರು ಒಟ್ಟಿಗೆ ಕುಣಿದರು. ಶಾಲೋನ್ ಎಂಬ ಕಲಾವಿದ ಬರೆದ ಆ ಕುಣಿತದ ಚಿತ್ರ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಹಾಗಾಗಿ ಅವರ ಲಂಗದ ನೆರಿಗೆಯೂ ಮುಡಿಯ ಹೂವೂ ಇಂದಿಗೂ ನೋಡಲು ಸಿಗುತ್ತವೆ. ಸಣ್ಣಾಟವೆಂಬ ಜನಪದ ರಂಗಪ್ರಕಾರ ನಡೆದುಬಂದ ನಮ್ಮ ಬೆಳಗಾವಿ ಸೀಮೆಯಲ್ಲಿ ಉಳಿದದ್ದು ಮಾತು ಮಾತ್ರ. 1880ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಸೇರಿದಂತೆ ಹಲವು ಕನ್ನಡ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದ. ಹಾಡಿನವರು ಏನು ಉಟ್ಟಿದ್ದರೆಂಬುದು ದಾಖಲೆಗೆ ತಕ್ಕ ಸಂಗತಿಯೆಂದು ಯಾರಿಗೂ ಅನ್ನಿಸಲಿಲ್ಲ.

ಈ ಕೊರತೆಯಿಂದ ಒಂದು ತಪ್ಪು ತಿಳಿವಳಿಕೆ ಬೆಳೆದಿದೆ. ಸಣ್ಣಾಟಕ್ಕೆ ವೇಷಭೂಷಣವೇ ಇಲ್ಲ, ಬಡವರ ಆಟ, ಮನೆಯ ಸೀರೆಯಲ್ಲೇ ರಂಗಕ್ಕೆ ಬರುತ್ತಿದ್ದರು ಎಂಬ ಮಾತದು. ನಾನು ಇದನ್ನು ಒಪ್ಪಲಾರೆ. ಸಣ್ಣಾಟ ನಡೆಯುತ್ತಿದ್ದ ಊರುಗಳಲ್ಲೇ ಪುರಾಣದ ಕಥೆಗಳ ದೊಡ್ಡಾಟವೂ ನಡೆಯುತ್ತಿತ್ತು. ಬೇಗಡೆ ಹಚ್ಚಿದ ಕಿರೀಟ, ಭುಜಕೀರ್ತಿ, ಎದೆಹಲಗೆಗಳಿಗೆ ಊರವರೇ ಪಟ್ಟಿ ಹಾಕಿ ಹಣ ಕೂಡಿಸುತ್ತಿದ್ದರು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಕವಡೆ ಸರ, ಭಂಡಾರ, ಚೌಡಕಿಯ ಜೋಗತಿಯರ ವೇಷ ಎಲ್ಲರ ಕಣ್ಣೆದುರಿಗಿತ್ತು. ಬೇಕೆಂದರೆ ಕೈಗೆಟಕುವಂತಿದ್ದ ಈ ಎರಡೂ ವೇಷಗಳನ್ನು ಸಣ್ಣಾಟ ಬಿಟ್ಟಿತು. ಬಿಟ್ಟದ್ದಕ್ಕೆ ಕಾರಣ ಅದರ ಕಥೆಯಲ್ಲೇ ಇದೆ. ಹೆಸರಾದ ಸಣ್ಣಾಟ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದಲ್ಲೇ ನಡೆಯಿತೆಂದು ಜನ ನಂಬಿರುವ ಕೊಲೆಯ ಕಥೆ. ಅಲ್ಲಿ ದೇವರಿಲ್ಲ, ರಾಕ್ಷಸರಿಲ್ಲ. ಗೆಳೆಯನ ದ್ರೋಹವಿದೆ, ಸಂಗ್ಯಾ ಮನಸೋತ, ಈರಣ್ಣನ ಹೆಂಡತಿ ಗಂಗಿ ಇದ್ದಾಳೆ. ಗಂಗಿ ತೋಪ್ ತೆನಿ ಸೆರಗಿನ ಸೀರೆಯಲ್ಲಿ, ಖಣದ ಕುಪ್ಪಸದಲ್ಲಿ ಬಂದು ನಿಂತರೆ ಎದುರಿಗೆ ಕೂತ ಹೆಂಗಸರೂ ಅದನ್ನೇ ಉಟ್ಟಿರುತ್ತಿದ್ದರು. ರಾಮದುರ್ಗ, ಸುರೇಬಾನದ ಮಗ್ಗಗಳ ಸೀಮೆಯ ಜನರಿಗೆ ಸೀರೆಯ ಅಂಚು, ಸೆರಗು ಓದಲು ಬರುತ್ತಿತ್ತು. ಟಾಗ್ಲಿಯೋನಿಯ ತೆಳುಬಿಳಿ ಉಡುಪು ಅವಳನ್ನು ನೆಲದಿಂದ ಮೇಲಕ್ಕೆತ್ತಬೇಕಿತ್ತು. ಗಂಗಿಯಾದರೋ ನಮ್ಮ ಓಣಿಯವಳಾಗಿಯೇ ಉಳಿಯಬೇಕಿತ್ತು. ತಲೆಯ ಮೇಲೆ ಹೊದ್ದ ಸೆರಗು ಜಾರುವುದು, ಅದನ್ನು ಮತ್ತೆ ಎಳೆದುಕೊಳ್ಳುವುದು ಇಷ್ಟರಲ್ಲೇ ಅರ್ಧ ಅಭಿನಯ ಮುಗಿಯುತ್ತದೆ. ಭುಜಕೀರ್ತಿ ಕಟ್ಟಿಕೊಂಡು ಈ ಕೆಲಸ ಸಾಧ್ಯವಿಲ್ಲ.

ದೊಡ್ಡಾಟಕ್ಕೆ ಊರಿನ ದುಡ್ಡಿತ್ತು, ಸಣ್ಣಾಟದ ಮೇಳಕ್ಕೆ ಇರಲಿಲ್ಲ, ಇದ್ದಿದ್ದರೆ ಅವರೂ ಕಿರೀಟ ತೊಡುತ್ತಿದ್ದರು ಎಂದು ವಾದಿಸಬಹುದು. ಬಡತನ ಇದ್ದದ್ದು ನಿಜ. ಆದರೆ ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಗೆ ದೊಡ್ಡ ಹೆಸರು ಬಂದ ಮೇಲೂ ಈ ಬಗೆಯ ಆಟಗಳ ಹೆಣ್ಣುಪಾತ್ರ ಸೀರೆಯನ್ನು ಬಿಡಲಿಲ್ಲ. ಇನ್ನೂ ಒಂದು ಮಾತಿದೆ. ದೊಡ್ಡಾಟದಲ್ಲಿ ಹೆಣ್ಣುಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದರೆ, ಸಣ್ಣಾಟದಲ್ಲಿ ಹೆಣ್ಣುಮಕ್ಕಳೇ ಬಂದರು. ಅವರಲ್ಲಿ ಹಲವರು ದೇವದಾಸಿ ಮನೆತನದವರು. ಗರತಿಯ ಬಾಳನ್ನು ಸಮಾಜ ಯಾರಿಗೆ ನಿರಾಕರಿಸಿತ್ತೋ ಅವರೇ ಗರತಿಯ ಸೀರೆಯುಟ್ಟು ಗಂಗಿಯ ಸಂಕಟ ಹಾಡಿದರು. ಇದನ್ನು ವೇಷವಿಲ್ಲದ ಆಟ ಎನ್ನುವುದು ಆ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ.

ನಮ್ಮ ಸೀಮೆಯ ಯಾವುದೇ ಮನೆಯಲ್ಲಿ ಹಳೆಯ ಮೇಳದ ಫೋಟೋ ಇದ್ದರೆ, ಹಿರಿಯರನ್ನು ಕೇಳಿ ಅದರಲ್ಲಿರುವ ಹೆಣ್ಣುಮಕ್ಕಳ ಹೆಸರನ್ನು ಹಿಂಬದಿಗೆ ಬರೆದಿಡಿ. ಅವರು ಉಟ್ಟ ಸೀರೆ ಯಾವುದೆಂದೂ ಬರೆಯಿರಿ.