ಬಯಲಿನಲ್ಲಿ ಮಾಸ್ಕ್ ಬೇಕೆ?

ಮಾರಿ ಬಂದಾಗ ಊರು ಬಿಟ್ಟು ಹೊಲಕ್ಕೆ ಹೋಗುವುದು ನಮ್ಮ ನಾಡಿನ ಹಳೆಯ ರೂಢಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಎಷ್ಟೋ ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಪ್ಲೇಗು ಇಲಿಯ ಚಿಗಟದಿಂದ ಹರಡುವ ರೋಗ, ಅದು ವೈರಸ್ಸಿನದಲ್ಲ. ಆದರೂ ಮುಚ್ಚಿದ ಮನೆಗಿಂತ ಬಯಲು ಮೇಲು ಎಂಬ ಮಾತು ನಮ್ಮ ಹಿರಿಯರಲ್ಲಿ ಉಳಿಯಿತು. ಕೆಮ್ಮು, ಉಸಿರಿನಿಂದ ಹರಡುವ ವೈರಸ್ಸಿಗೂ ಆ ಮಾತು ಸಲ್ಲುತ್ತದೆಯೆ? ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡೋಣ.

1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಕೋಟಿಗೂ ಮೀರಿ ಜನರನ್ನು ಬಲಿ ತೆಗೆದುಕೊಂಡಿತು. ನಮ್ಮ ಮೈಸೂರು ಸಂಸ್ಥಾನವೂ ಪಾರಾಗಲಿಲ್ಲ. ಅದೇ ಅಕ್ಟೋಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರ ಮಾಸ್ಕ್ ಕಡ್ಡಾಯ ಮಾಡಿತು. ಬೀದಿಯಲ್ಲಿ ಮಾಸ್ಕಿಲ್ಲದೆ ಸಿಕ್ಕಿದವರಿಗೆ ದಂಡ, ಕೆಲವರಿಗೆ ಜೈಲು. ಅದೇ ಊರಿನಲ್ಲಿ ಗಾಳಿಯಾಡಲಿ ಎಂದು ನ್ಯಾಯಾಲಯವನ್ನು ಬಯಲಿನಲ್ಲಿ ನಡೆಸಿದ್ದೂ ಉಂಟು! 1919ರ ಆರಂಭದಲ್ಲಿ ಮಾಸ್ಕ್ ವಿರೋಧಿ ಸಂಘವೂ ಹುಟ್ಟಿತು. ಅಂದಿನ ಮಾಸ್ಕ್ ಗಾಯಕ್ಕೆ ಕಟ್ಟುವ ಜಾಳು ಬಟ್ಟೆಯ ಕೆಲವು ಪದರ ಮಾತ್ರ. ಕ್ಯಾಲಿಫೋರ್ನಿಯಾದ ಆರೋಗ್ಯಾಧಿಕಾರಿ ಡಾ. ಕೆಲ್ಲಾಗ್ ಅವರು ಲೆಕ್ಕ ಹಾಕಿ, ಈ ಕಡ್ಡಾಯದಿಂದ ರೋಗ ತಗ್ಗಲಿಲ್ಲವೆಂದೇ ಬರೆದರು.

ನೂರು ವರ್ಷ ದಾಟಿ ನಮ್ಮ ಟೆಕ್ಸಾಸಿಗೆ ಬರೋಣ. 2020ರ ಏಪ್ರಿಲಿನಲ್ಲಿ ಹ್ಯೂಸ್ಟನ್ನಿನ ಹ್ಯಾರಿಸ್ ಕೌಂಟಿ ಮಾಸ್ಕ್ ಆಜ್ಞೆ ಹೊರಡಿಸಿದಾಗ, ಗವರ್ನರ್ ಗ್ರೆಗ್ ಅಬಟ್ ಅದರ ದಂಡವನ್ನು ತಡೆದರು. ಬೇಸಿಗೆಯಲ್ಲಿ ಆಸ್ಪತ್ರೆಗಳು ತುಂಬತೊಡಗಿದಾಗ, ಜುಲೈ 2ರಂದು ಅವರೇ ರಾಜ್ಯದ ಹೆಚ್ಚಿನ ಕೌಂಟಿಗಳಿಗೆ ಆಜ್ಞೆ ಹೊರಡಿಸಿದರು. ಅದರಲ್ಲಿ ಹೊರಾಂಗಣದ ಮಾತು ಸ್ಪಷ್ಟವಾಗಿತ್ತು: ಆರಡಿ ಅಂತರ ಇಡಲಾಗದ ಕಡೆ ಮಾತ್ರ ಮಾಸ್ಕ್ ಬೇಕು. ದೂರವಿದ್ದು ವ್ಯಾಯಾಮ ಮಾಡುವವರಿಗೆ, ಮನೆಯವರೊಂದಿಗೆ ಕಾರಿನಲ್ಲಿ ಹೋಗುವವರಿಗೆ, ಹತ್ತು ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ. 2021ರ ಮಾರ್ಚ್ 10ರಂದು ಈ ಕಡ್ಡಾಯ ಮುಗಿಯಿತು. ಇತ್ತ ಕರ್ನಾಟಕದಲ್ಲಿ 2020ರ ಅಕ್ಟೋಬರಿನಲ್ಲಿ ಮಾಸ್ಕಿಲ್ಲದವರಿಗೆ ನಗರಗಳಲ್ಲಿ 1,000 ರೂಪಾಯಿ ದಂಡವೆಂದು ಸಾರಿ, ಜನ ಗೊಣಗಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು 250ಕ್ಕೆ ಇಳಿಸಿದರು.

ಕಾನೂನು ಹೀಗಾದರೆ ವಿಜ್ಞಾನ ಹೇಳುವುದೇನು? ಸೋಂಕಿತರು ಉಸಿರು ಬಿಟ್ಟಾಗ ಹೊರಬರುವ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಹೊಗೆಯಂತೆ ತುಂಬಿಕೊಳ್ಳುತ್ತವೆ. ಬಯಲಿನಲ್ಲಿ ಗಾಳಿ ಅವನ್ನು ಚದುರಿಸುತ್ತದೆ, ಬಿಸಿಲು ವೈರಸ್ಸನ್ನು ಬೇಗ ಕುಂದಿಸುತ್ತದೆ. 2020ರ ಆರಂಭದಲ್ಲಿ ಚೀನಾದಲ್ಲಿ ಮೂವರು ಅಥವಾ ಹೆಚ್ಚು ಜನರಿಗೆ ಸೋಂಕು ತಗುಲಿದ 318 ಗುಂಪುಗಳನ್ನು ಪರಿಶೀಲಿಸಿದಾಗ, ಅವೆಲ್ಲವೂ ಒಳಾಂಗಣದವೇ ಆಗಿದ್ದವು. ಬಯಲಿನಲ್ಲಿ ಸೋಂಕು ತಗುಲುವುದೇ ಇಲ್ಲವೆಂದಲ್ಲ. ಒತ್ತೊತ್ತಾಗಿ ನಿಂತು ಎದುರುಬದುರು ಹೊತ್ತುಗಟ್ಟಲೆ ಮಾತಾಡಿದರೆ, ಕೂಗಿದರೆ, ಹಾಡಿದರೆ ತಗುಲಬಹುದು. ನಮ್ಮ ಟೆಕ್ಸಾಸಿನ ತೊಡಕು ಬೇರೆ. ಜುಲೈ ಬಿಸಿಲಿಗೆ ಎಲ್ಲರೂ ಕಿಟಕಿ ಮುಚ್ಚಿ ಎ.ಸಿ. ಹಾಕಿ ಒಳಗೆ ಸೇರುತ್ತೇವೆ. ಅಪಾಯ ಇರುವುದೂ ಅಲ್ಲಿಯೇ.

ಇದನ್ನು ಬರೆಯಲು ಕಾರಣ ನಮ್ಮ ಮನೆಗಳ ಹಿರಿಯರು. ಮಕ್ಕಳನ್ನು ನೋಡಲು ಬಂದ ತಂದೆತಾಯಿಯರಿಗೆ ಸಂಜೆಯ ವಾಕಿಂಗೇ ಇಲ್ಲಿ ಹೊರಲೋಕ. ಭಯದಿಂದ ಅದನ್ನೂ ನಿಲ್ಲಿಸಿದರೆ ಮಂಡಿ ಹಿಡಿದುಕೊಳ್ಳುತ್ತದೆ, ಸಕ್ಕರೆ ಏರುತ್ತದೆ, ಮನಸ್ಸು ಕುಗ್ಗುತ್ತದೆ. ಇವೂ ರೋಗಗಳೇ ಎಂಬುದನ್ನು ವೈದ್ಯರಾದ ನಾವು ಮರೆಯುವಂತಿಲ್ಲ.

ಆದ್ದರಿಂದ ಮುಂದೆ ಇಂಥ ಕಾಲ ಮತ್ತೆ ಬಂದರೆ, ಜಾರ್ಜ್‌ಟೌನಿನ ಸ್ಯಾನ್ ಗೇಬ್ರಿಯಲ್ ನದಿಯ ದಂಡೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ ನಡೆಯುವಾಗ ಮಾಸ್ಕ್ ಬೇಕಿಲ್ಲ, ಜೇಬಿನಲ್ಲಿದ್ದರೆ ಸಾಕು. ಜಾತ್ರೆಯಂಥ ಜನಸಂದಣಿಯಲ್ಲಿ ಹಾಕಿಕೊಳ್ಳಲಿ, ಅದರಲ್ಲೂ ಎದೆಯ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರು. ಹಬ್ಬದೂಟಕ್ಕೆ ಸಭಾಂಗಣದೊಳಗೆ ಸೇರುವಾಗ ಮುಖಕ್ಕೆ ಸರಿಯಾಗಿ ಕೂರುವ ಒಳ್ಳೆಯ ಮಾಸ್ಕ್ ಇರಲಿ. ಜ್ವರ, ಕೆಮ್ಮು ಇದ್ದವರು ಮಾತ್ರ ಬಯಲೆಂದು ಮೈಮರೆಯದೆ ಮನೆಯಲ್ಲೇ ಇರಲಿ. ರೋಗದ ಹೆಸರು ಹೊಸದಾದರೆ ಅದರ ನಡೆಯೂ ಬೇರೆಯಾಗಬಹುದು. ನಿಮ್ಮ ವೈದ್ಯರನ್ನು ಕೇಳಿ ಮುಂದುವರಿಯಿರಿ.